ಹತ್ತು ಜನ ಒಪ್ಪಿದ್ದೇ ಸತ್ಯವೋ, ಸತ್ಯವಾದ್ದನ್ನು ಹತ್ತು ಜನ ಒಪ್ಪುವುದೋ?

ಪೂರ್ವಪಕ್ಷಿ, ಉಡುಪಿ

"ಇರುವುದು" ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಜನರ ಒಪ್ಪಿಗೆಯ ಮೇಲೆಯೇ ನಿಂತಿದೆ ಎಂಬುದು ನನ್ನ ಪಕ್ಷ. 2016ರ ನವೆಂಬರ್ 8ರ ನಡುರಾತ್ರಿ 500 ಮತ್ತು 1000 ರೂಪಾಯಿಯ ಹಳೆ ನೋಟುಗಳು ಚಲಾವಣೆ ಕಳೆದುಕೊಂಡವು. ಕಾಗದ, ಶಾಯಿ, ಒಳಗಿನ ದಾರ ಯಾವುದೂ ಬದಲಾಗಿರಲಿಲ್ಲ. ಉಡುಪಿ ಜಿಲ್ಲೆ 1997ಕ್ಕೆ ಮೊದಲು ಇರಲಿಲ್ಲ. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಖಗೋಳಜ್ಞರು ಮತ ಹಾಕಿದರು, ಪ್ಲೂಟೊ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. ಗಡಿಯಾರದ ಮಧ್ಯಾಹ್ನ 12 ಎಂಬುದೂ ದೇಶ ಒಪ್ಪಿಕೊಂಡ ಒಂದು ಗೆರೆ ಅಷ್ಟೆ. ಇವನ್ನೆಲ್ಲ ಬದಿಗಿಟ್ಟರೆ ಉಳಿಯುವುದು ಎಂತದು? ಉಳಿದದ್ದನ್ನು ತಿಳಿಯುವುದಾದರೂ ಇನ್ನಷ್ಟು ಜನರ ಒಪ್ಪಿಗೆಯಿಂದಲೇ ಅಲ್ವಾ? ವಿಜ್ಞಾನದ್ದೂ ಕೊನೆಗೆ ತಜ್ಞರ ಒಮ್ಮತ. ತಪ್ಪಿದ್ದರೆ ಎಲ್ಲಿ ಅಂತ ಬೆರಳಿಟ್ಟು ತೋರಿಸಿ. "ಸತ್ಯ ಸತ್ಯವೇ" ಎಂಬ ಉತ್ತರ ಬೇಡ.

ಶಾಂಭವಿ ತೀರ, ಮೂಲ್ಕಿ

ಎರಡು ಜಾತಿಯ ಸಂಗತಿಗಳನ್ನು ನೀವು ಒಂದೇ ಗೋಣಿಗೆ ತುಂಬಿದ್ದೀರಿ. ಬೇರ್ಪಡಿಸಲಿಕ್ಕೆ ಒಂದು ಪ್ರಶ್ನೆ ಸಾಕು: ಎಲ್ಲರೂ ನಾಳೆ ಬೆಳಿಗ್ಗೆ ಮನಸ್ಸು ಬದಲಿಸಿದರೆ ಇದು ಬದಲಾಗ್ತದಾ?

1997ರಲ್ಲಿ ಹುಟ್ಟಿದ್ದು ಜಿಲ್ಲೆಯ ಗಡಿ. ಮೂಲ್ಕಿಗೂ ಹೆಜಮಾಡಿಗೂ ನಡುವೆ ಹರಿಯುವ ಶಾಂಭವಿ ಹೊಳೆ ಯಾವ ಅಧಿಸೂಚನೆಯಿಂದಲೂ ಹುಟ್ಟಿದ್ದಲ್ಲ. ಆದೇಶ ಹಿಂದೆ ಪಡೆದರೆ ಜಿಲ್ಲೆ ಹೋದೀತು, ಆಚೆ ದಡಕ್ಕೆ ಹೋಗಲು ಆಗಲೂ ಸೇತುವೆಯೋ ದೋಣಿಯೋ ಬೇಕು. ಪ್ಲೂಟೊದ್ದೂ ಹಾಗೆಯೇ. ಮತ ಬಿದ್ದದ್ದು "ಗ್ರಹ" ಎಂಬ ಪದಕ್ಕೆ. ಮತದಾನದ ಮೊದಲೂ ನಂತರವೂ ಅದು ಸೂರ್ಯನನ್ನು ಸುತ್ತಲು 248 ವರ್ಷ ತೆಗೆದುಕೊಳ್ಳುತ್ತದೆ. ಮಂಗಳೂರು ಎಂಬ ಊರನ್ನು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ ಎನ್ನುತ್ತೇವೆ. 2014ರ ನವೆಂಬರ್ 1ರಿಂದ ಇಂಗ್ಲಿಷ್ ಬರಹದಲ್ಲೂ ಅಧಿಕೃತ ಹೆಸರು ಬದಲಾಯಿತು. ಇಷ್ಟು ಹೆಸರಿಟ್ಟುಕೊಂಡರೂ ನೇತ್ರಾವತಿ, ಗುರುಪುರ ಹೊಳೆಗಳು ಸಮುದ್ರ ಸೇರುವ ಜಾಗ ಒಂದೇ. ಹೆಸರು, ಗಡಿ, ವರ್ಗ ಇವು ಒಪ್ಪಿಗೆಯವು. ಅವು ಯಾವುದರ ಮೇಲೆ ಕೂತಿವೆಯೋ ಅದು ಒಪ್ಪಿಗೆಯದ್ದಲ್ಲ.

ಮಲ್ಲಿಗೆ ಲೆಕ್ಕ, ಶಂಕರಪುರ

ಮೇಲಿನ ಮಾತಿಗೆ ಒಂದು ತಿದ್ದುಪಡಿ ಬೇಕು. ಒಪ್ಪಿಗೆಯಿಂದ ಹುಟ್ಟಿದ್ದು ಎಂದರೆ ಸುಳ್ಳು, ಪೊಳ್ಳು ಎಂದು ಓದುವವರಿದ್ದಾರೆ. ಹಾಗಲ್ಲ.

ಉಡುಪಿ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಒಂದು ಚೆಂಡಿಗೆ ಸುಮಾರು 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನಾ ನಿಗದಿಯಾಗ್ತದೆ, ಅದು ಪೂರ್ತಿ ಒಪ್ಪಿಗೆಯ ವಸ್ತು. ಆದರೆ "ಇವತ್ತಿನ ದರ ಇಷ್ಟು" ಎಂಬ ಮಾತು ನಿಜವೋ ಸುಳ್ಳೋ ಎಂಬುದು ಕೇಳುವವನ ಅಭಿಪ್ರಾಯದ ಮೇಲೆ ನಿಂತಿಲ್ಲ. ದರ ತಪ್ಪಾಗಿ ಹೇಳಿದವ ತಪ್ಪೇ ಹೇಳಿದ ಹಾಗೆ, ಅವನ ಜೊತೆ ಐವತ್ತು ಗಿರಾಕಿಗಳು ಅದೇ ತಪ್ಪನ್ನು ನಂಬಿದ್ದರೂ. ಅಂದರೆ ಒಪ್ಪಿಗೆ ಒಂದು ಸಂಗತಿಯನ್ನು ಹುಟ್ಟಿಸಬಹುದು. ಹುಟ್ಟಿದ ಮೇಲೆ ಆ ಸಂಗತಿಯೂ ಬೇರೆಲ್ಲ ಸಂಗತಿಗಳ ಹಾಗೆ ವಸ್ತುನಿಷ್ಠವೇ.

ಇನ್ನೊಂದು. ದರ ಮನಸ್ಸಿಗೆ ಬಂದ ಹಾಗೆ ಕೂತಿರುವುದಲ್ಲ. ಚಳಿಗೆ ಮೊಗ್ಗು ಕಡಿಮೆಯಾದರೆ, ಮಳೆಗೆ ಹೂ ಕೊಳೆತರೆ, ಮದುವೆಯ ಮುಹೂರ್ತ ಒಟ್ಟಿಗೆ ಬಂದರೆ ದರ ಏರ್ತದೆ. ಗಿಡದಲ್ಲಿ ಎಷ್ಟು ಮೊಗ್ಗು ಬಿಟ್ಟಿದೆ ಎಂಬುದಕ್ಕೆ ಯಾರ ಒಪ್ಪಿಗೆಯೂ ಬೇಡ. ದರ ಕೊನೆಗೆ ಆ ಎಣಿಕೆಗೆ ಉತ್ತರ ಕೊಡಲೇಬೇಕು.

ಶಂಕುಛಾಯೆ, ಮಣಿಪಾಲ

ಗಡಿಯಾರದ ಮಾತು ಬಂದದ್ದರಿಂದ ಅದನ್ನೇ ಅಳೆಯುವ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಉಡುಪಿ 74.74 ಡಿಗ್ರಿಯಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ವ್ಯತ್ಯಾಸ 31 ನಿಮಿಷ. ಗಡಿಯಾರ 12 ಹೊಡೆದಾಗ ಸೂರ್ಯ ಇಲ್ಲಿ ಇನ್ನೂ ಆ ದಿನದ ಅತಿ ಎತ್ತರಕ್ಕೆ ಬಂದಿರುವುದಿಲ್ಲ, ಸರಾಸರಿ 12:31ಕ್ಕೆ ಬರುತ್ತಾನೆ. ಭೂಮಿಯ ಕಕ್ಷೆ ದೀರ್ಘವೃತ್ತವಾದ್ದರಿಂದ, ಅಕ್ಷ ಓರೆಯಾದ್ದರಿಂದ ಇದೂ ಸ್ಥಿರವಲ್ಲ: ಫೆಬ್ರವರಿ ಮಧ್ಯದಲ್ಲಿ 12:45ರ ಹತ್ತಿರ, ನವೆಂಬರ್ ಮೊದಲಲ್ಲಿ 12:15ರ ಹತ್ತಿರ. ಗಡಿಯಾರದ ಹನ್ನೆರಡು ಒಪ್ಪಿಗೆ. ನೆರಳು ಅತಿ ಗಿಡ್ಡವಾಗುವ ಕ್ಷಣ ಒಪ್ಪಿಗೆಯಲ್ಲ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಉತ್ತರಾಯಣದ್ದು. ಜನವರಿ 14ರಂದು ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಎಂದು ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೇಳುತ್ತಾರೆ. ಮಕರ ಸಂಕ್ರಮಣ ನಕ್ಷತ್ರಗಳನ್ನು ಆಧಾರವಾಗಿಟ್ಟು ಎಣಿಸಿದ ರಾಶಿಯ ಪ್ರವೇಶ, ಅದು ಅದರ ಲೆಕ್ಕದಲ್ಲಿ ಸರಿ. ಆದರೆ ಸೂರ್ಯ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಯಾರನ್ನೂ ಕೇಳಬೇಕಾಗಿಲ್ಲ, ಒಂದು ಕೋಲು ಸಾಕು.

ನೆಲದಿಂದ ತುದಿಗೆ ಸರಿಯಾಗಿ 100 ಸೆಂ.ಮೀ. ಇರುವ ನೇರ ಕೋಲು. ತೂಗುಗುಂಡು ಕಟ್ಟಿ ಎರಡು ದಿಕ್ಕಿನಿಂದಲೂ ಲಂಬ ನೋಡಿ ನಿಲ್ಲಿಸಿ. ಡಿಸೆಂಬರ್ 22ಕ್ಕೆ ಉಡುಪಿಯಲ್ಲಿ 12:10ರಿಂದ 12:50ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ಅತಿ ಗಿಡ್ಡ ನೆರಳು ಸುಮಾರು 74.8 ಸೆಂ.ಮೀ. ಬರಬೇಕು. ಜನವರಿ 14ಕ್ಕೆ ಅದೇ ಕೋಲು, ಅದೇ ಜಾಗ, ಈ ಸಲ 12:20ರಿಂದ 1 ಗಂಟೆಯವರೆಗೆ: ಸುಮಾರು 69 ಸೆಂ.ಮೀ. ನೆರಳು ಐದೂವರೆ ಸೆಂ.ಮೀ. ಗಿಡ್ಡವಾಗಿದೆ ಎಂದರೆ ಸೂರ್ಯ ಆ ದಿನಕ್ಕೆ ಆಗಲೇ ಮೂರು ವಾರ ಉತ್ತರಕ್ಕೆ ನಡೆದಿದ್ದಾನೆ.

ತಪ್ಪು ಎಲ್ಲೆಲ್ಲಿ ಬರ್ತದೆ ಅಂತಲೂ ಹೇಳಬೇಕು, ಇಲ್ಲದಿದ್ದರೆ ಅಳತೆ ಸರಿಯಾಗದೆ "ನೋಡಿ, ಒಬ್ಬೊಬ್ಬರಿಗೆ ಒಂದೊಂದು" ಎಂಬ ತೀರ್ಮಾನಕ್ಕೆ ಬರುತ್ತೀರಿ. ಕೋಲು ಉತ್ತರಕ್ಕೋ ದಕ್ಷಿಣಕ್ಕೋ ಒಂದು ಡಿಗ್ರಿ ವಾಲಿದರೆ ನೆರಳಿನ ತುದಿ 1.7 ಸೆಂ.ಮೀ. ಜರುಗುತ್ತದೆ. ನಮ್ಮ ಅಂಗಳಗಳಿಗೆ, ತಾರಸಿಗಳಿಗೆ ಮಳೆನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಉತ್ತರಕ್ಕೆ ಮೀಟರಿಗೆ 1 ಸೆಂ.ಮೀ. ಇಳಿಜಾರಿದ್ದರೆ ನೆರಳು ಅರ್ಧ ಸೆಂ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಆದ್ದರಿಂದ ಒಂದು ಹಲಗೆ ಹಾಕಿ, ರಸಮಟ್ಟದಿಂದ ಮಟ್ಟ ನೋಡಿ, ಅದರ ಮೇಲೆ ಅಳೆಯಿರಿ. ಮೂರನೆಯದು, ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ನೆರಳಿನ ತುದಿ ಒಂದು ಸೆಂ.ಮೀ.ಗಿಂತ ಹೆಚ್ಚು ಮಸುಕಾಗಿರುತ್ತದೆ. ಕೋಲಿನ ತುದಿಗೆ 3 ಮಿ.ಮೀ. ತೂತಿರುವ ರಟ್ಟನ್ನು ಅಡ್ಡಲಾಗಿ ಅಂಟಿಸಿ, ತೂತೇ 100 ಸೆಂ.ಮೀ. ಎತ್ತರದಲ್ಲಿರಲಿ. ಹಲಗೆಯ ಮೇಲೆ ಸಣ್ಣ ಅಂಡಾಕಾರದ ಬೆಳಕು ಬೀಳುತ್ತದೆ, ಅದರ ನಡುಬಿಂದುವಿಗೆ ಗುರುತು ಹಾಕಿ. ಹೊತ್ತಿನ ಬಗ್ಗೆ ಮಾತ್ರ ತಲೆಬಿಸಿ ಬೇಡ: ಸೂರ್ಯ ಅತಿ ಎತ್ತರಕ್ಕೆ ಬರುವ ಹೊತ್ತಿನಿಂದ ಐದು ನಿಮಿಷ ಆಚೀಚೆಯಾದರೆ ನೆರಳಿನ ಉದ್ದ ಒಂದು ಮಿ.ಮೀ. ಕೂಡ ಬದಲಾಗುವುದಿಲ್ಲ.

ಪೂರ್ವಪಕ್ಷಿ, ಉಡುಪಿ

ಇದೇ ಲೆಕ್ಕವನ್ನು ಮಂಗಳೂರಿನ ಹಂಪನಕಟ್ಟೆಗೆ ಹಾಕಿದರೆ ಡಿಸೆಂಬರ್ 22ಕ್ಕೆ 73.5 ಬರುತ್ತದೆ. ಉಡುಪಿಯವರು 74.8 ಅನ್ನುತ್ತಾರೆ, ಮಂಗಳೂರಿನವರು 73.5 ಅನ್ನುತ್ತಾರೆ. ಇಬ್ಬರೂ ಜಾಗ್ರತೆಯಿಂದ ಅಳೆದವರೇ. ಹಾಗಾದರೆ ಸತ್ಯ ನೋಡುವವನ ಜಾಗಕ್ಕೆ ತಕ್ಕ ಹಾಗೆ ಅಂತ ಆಯ್ತಲ್ಲ?

ಶಂಕುಛಾಯೆ, ಮಣಿಪಾಲ

ಜಾಗಕ್ಕೆ ತಕ್ಕ ಹಾಗೆ, ಹೌದು. ಅಭಿಪ್ರಾಯಕ್ಕೆ ತಕ್ಕ ಹಾಗೆ ಅಲ್ಲ. ಇಡೀ ಚರ್ಚೆ ಇಲ್ಲಿಯೇ ಜಾರುವುದು, ಹಾಗಾಗಿ ನಿಧಾನವಾಗಿ ನೋಡುವ.

ಮಂಗಳೂರಿನವರೆಲ್ಲ ಸೇರಿ 74.8 ಎಂದು ಒಪ್ಪಿಕೊಂಡರೂ ಹಂಪನಕಟ್ಟೆಯ ನೆರಳು 73.5ರಲ್ಲೇ ನಿಲ್ಲುತ್ತದೆ. ಉಡುಪಿಯವರೊಬ್ಬರು ಬಸ್ಸಿನಲ್ಲಿ ಬಂದು ಹಂಪನಕಟ್ಟೆಯಲ್ಲಿ ಕೋಲು ನೆಟ್ಟರೆ ಅವರಿಗೂ 73.5 ಬರುತ್ತದೆ, ಮನಸ್ಸು ಎಷ್ಟೇ ಉಡುಪಿಯದ್ದಾಗಿದ್ದರೂ. ಮತ್ತೆ ಈ ಎರಡು ಸಂಖ್ಯೆಗಳ ವ್ಯತ್ಯಾಸ ಜಗಳವಲ್ಲ, ಮಾಹಿತಿ. ನೆರಳಿನಿಂದ ಸೂರ್ಯನ ಓರೆ ತೆಗೆಯಿರಿ: ಉಡುಪಿಯಲ್ಲಿ ನೆತ್ತಿಯಿಂದ 36.78 ಡಿಗ್ರಿ, ಹಂಪನಕಟ್ಟೆಯಲ್ಲಿ 36.31. ವ್ಯತ್ಯಾಸ 0.47 ಡಿಗ್ರಿ. ಡಿಗ್ರಿಗೆ ಸುಮಾರು 111 ಕಿ.ಮೀ. ಆದರೆ 52 ಕಿ.ಮೀ. ಎರಡು ಊರುಗಳ ಉತ್ತರ-ದಕ್ಷಿಣ ಅಂತರ ಅಷ್ಟೇ. ಇಬ್ಬರ ಅಳತೆ ಒಂದೇ ಬಂದಿದ್ದರೆ ಭೂಮಿ ಚಪ್ಪಟೆ ಎಂದು ಅನುಮಾನಿಸಬೇಕಾಗುತ್ತಿತ್ತು. ಒಪ್ಪದೆ ಇದ್ದದ್ದರಿಂದಲೇ ಅದರ ದುಂಡು ಗೊತ್ತಾಯಿತು.

ಒಂದು ಎಚ್ಚರ: ಇಲ್ಲಿ 2 ಮಿ.ಮೀ. ತಪ್ಪಾದರೆ ಅಂತರದಲ್ಲಿ 8 ಕಿ.ಮೀ. ತಪ್ಪಾಗುತ್ತದೆ. ಸಾಧ್ಯವಿದ್ದರೆ ಕಾರವಾರದಲ್ಲಿಯೂ ಒಬ್ಬರು ಅಳೆಯಲಿ, ಅಂತರ ಹೆಚ್ಚಿದಷ್ಟೂ ತಪ್ಪಿನ ಪಾಲು ಕಡಿಮೆ.

ತರ್ಕಪಾದ, ಉಡುಪಿ

ಈ ಪ್ರಶ್ನೆಯನ್ನು ಉಡುಪಿಯಲ್ಲಿ ಕೇಳುವಾಗ ಮಧ್ವಸಿದ್ಧಾಂತವನ್ನು ಬಿಟ್ಟು ಮಾತಾಡುವುದು ಸರಿಯಲ್ಲ. ಆ ಮತದ ಟೀಕಾಕಾರರಾದ ಜಯತೀರ್ಥರು ಪ್ರಮಾಣಪದ್ಧತಿ ಎಂಬ ಗ್ರಂಥದಲ್ಲಿ ಕೊಟ್ಟ ಲಕ್ಷಣ ಎರಡೇ ಪದ: ಯಥಾರ್ಥಂ ಪ್ರಮಾಣಮ್. ವಸ್ತು ಹೇಗಿದೆಯೋ ಹಾಗೆ ಹಿಡಿಯುವುದು ಪ್ರಮಾಣ. ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು ಬಗೆ ಹೇಳಿದ್ದಾರೆ, ಬಹುಸಮ್ಮತಿ ಎಂಬ ನಾಲ್ಕನೆಯದಿಲ್ಲ. ಜೀವ-ಜಡಗಳ ಭೇದ ಮಾಧ್ವರು ನಿಜವೆನ್ನುವ ಐದು ಭೇದಗಳಲ್ಲಿ (ಪಂಚಭೇದ) ಒಂದು. ತಿಳಿಯುವವನು ಬೇರೆ, ತಿಳಿಯಲ್ಪಡುವ ಜಡ ಬೇರೆ. ಅದು ತನ್ನ ಇರವಿಗೆ ತಿಳಿಯುವವನನ್ನು ಕಾಯುವುದಿಲ್ಲ.

ಇನ್ನು ಒಂದು ತಪ್ಪು ಬಳಕೆ. "ವ್ಯಾವಹಾರಿಕ ಸತ್ಯ ಎಂದರೆ ಜನ ಒಪ್ಪಿದ ಸತ್ಯ" ಎಂದು ಅದ್ವೈತದ ಹೆಸರಿನಲ್ಲಿ ಹೇಳುವುದು ಆಗಾಗ ಕೇಳುತ್ತದೆ. ಅದ್ವೈತಿಗಳಿಗೆ ಇದರಿಂದ ಅನ್ಯಾಯವಾಗುತ್ತದೆ. ಬ್ರಹ್ಮಜ್ಞಾನ ಆಗುವವರೆಗೆ ಬಾಧೆಗೊಳ್ಳದ್ದು, ಅಂದರೆ ಮುಂದಿನ ಅರಿವಿನಿಂದ ಸುಳ್ಳೆಂದು ಬೀಳದ್ದು, ವ್ಯಾವಹಾರಿಕ, ಅದಕ್ಕೆ ಮೊದಲೇ ಬಾಧೆಗೊಳ್ಳುವುದು ಪ್ರಾತಿಭಾಸಿಕ. ಅಳತೆಗೋಲು ಬಾಧೆ, ತಲೆಯೆಣಿಕೆ ಅಲ್ಲ. ಹತ್ತು ಜನ ಒಟ್ಟಿಗೆ ಚಿಪ್ಪನ್ನು ಬೆಳ್ಳಿ ಎಂದು ಕಂಡರೂ ಅದು ಪ್ರಾತಿಭಾಸಿಕವೇ. ಕಾಣುವುದೇ ಸೃಷ್ಟಿ ಎನ್ನುವ ದೃಷ್ಟಿಸೃಷ್ಟಿವಾದ ಮಾತ್ರ ಪೂರ್ವಪಕ್ಷಿಯವರಿಗೆ ಸ್ವಲ್ಪ ಹತ್ತಿರ. ಅಲ್ಲಿಯೂ ಮಾತು ನೋಡುವವನ ದೃಷ್ಟಿಯದ್ದು, ಊರಿನ ಒಮ್ಮತದ್ದಲ್ಲ.

ಆ ಚಿಪ್ಪು-ಬೆಳ್ಳಿಯಲ್ಲಿ ಇನ್ನೂ ಒಂದು ವಿಷಯ ಉಂಟು. ಮಾಧ್ವರು ಹೇಳುವುದು: ಚಿಪ್ಪು ಇದೆ, ಅಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಇಲ್ಲದ್ದು ಇದ್ದ ಹಾಗೆ ತೋರಿತು. ಭ್ರಮೆ ತಿದ್ದುವುದು ಹೇಗೆ? ಅದಕ್ಕೆ ತಕ್ಕ ಕೆಲಸ ಮಾಡಿ ನೋಡುವುದು. ಬೆಳ್ಳಿಯ ಸಾಂದ್ರತೆ ಘನ ಸೆಂ.ಮೀ.ಗೆ 10.5 ಗ್ರಾಂ, ಚಿಪ್ಪಿನದ್ದು 2.7ರಿಂದ 2.9. ಗಾಳಿಯಲ್ಲಿ 105 ಗ್ರಾಂ ತೂಗುವ ಬೆಳ್ಳಿಯನ್ನು ದಾರಕ್ಕೆ ಕಟ್ಟಿ ನೀರಿನೊಳಗೆ ಮುಳುಗಿಸಿ ತೂಗಿದರೆ 95 ಗ್ರಾಂ. ಅಷ್ಟೇ ತೂಕದ ಚಿಪ್ಪುಗಳು 66ರಿಂದ 69. ಕುಳಿಯಲ್ಲಿ ಗಾಳಿಗುಳ್ಳೆ ಉಳಿದರೆ, ವಸ್ತು ಪಾತ್ರೆಯ ತಳಕ್ಕೆ ತಾಗಿದರೆ ತೂಕ ಸುಳ್ಳು ಬರುತ್ತದೆ, ಮೊದಲೇ ನೆನೆಸಿ ಅಲುಗಾಡಿಸಿ. ನಿಂಬೆರಸ ಬಿಟ್ಟರೆ ಚಿಪ್ಪಿನಲ್ಲಿ ಗುಳ್ಳೆ ಏಳುತ್ತದೆ, ಬೆಳ್ಳಿಯಲ್ಲಿ ಏಳುವುದಿಲ್ಲ. ಸಮುದ್ರದ ಬದಿಯಲ್ಲಿ ಒಬ್ಬನೇ ಕೂತು ಇಷ್ಟು ಮಾಡಿದವನು ಇಡೀ ಊರನ್ನು ತಿದ್ದಬಲ್ಲ.

ಎಣಿಕೆ, ಸುರತ್ಕಲ್

ತಲೆಯೆಣಿಕೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಒಮ್ಮತ ಸತ್ಯವನ್ನು ಹುಟ್ಟಿಸುವುದಿಲ್ಲ, ಆದರೆ ಸಾಕ್ಷ್ಯ ಆಗಬಹುದು. ಯಾವಾಗ ಆಗ್ತದೆ ಎಂಬುದಕ್ಕೆ ಗಣಿತ ಉಂಟು. 1785ರಲ್ಲಿ ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ ತೋರಿಸಿದ್ದು ಇದು. ಒಬ್ಬೊಬ್ಬರೂ 100ಕ್ಕೆ 60 ಸಲ ಸರಿ ಹೇಳುವವರಾದರೆ, 11 ಜನರ ಬಹುಮತ ಸರಿಯಾಗುವ ಸಾಧ್ಯತೆ ಸುಮಾರು 75 ಶೇಕಡ; 101 ಜನರದ್ದು ಸುಮಾರು 98. ಆದರೆ ಒಬ್ಬೊಬ್ಬರೂ 40 ಸಲ ಮಾತ್ರ ಸರಿ ಹೇಳುವವರಾದರೆ 11 ಜನರ ಬಹುಮತ 25 ಶೇಕಡಕ್ಕೆ ಬೀಳುತ್ತದೆ. ಜನ ಹೆಚ್ಚಿದಷ್ಟೂ ತಪ್ಪು ಗಟ್ಟಿಯಾಗುತ್ತದೆ. ಮತ್ತೆ ಈ ಲೆಕ್ಕ ನಿಂತಿರುವುದು ಒಂದು ಷರತ್ತಿನ ಮೇಲೆ: ಪ್ರತಿಯೊಬ್ಬರೂ ಸ್ವತಂತ್ರವಾಗಿ ನಿರ್ಧರಿಸಿರಬೇಕು. ಮೊದಲಿನವನನ್ನು ನೋಡಿ ಉಳಿದ ಹತ್ತು ಜನ ಕೈ ಎತ್ತಿದರೆ ಅದು 11 ಸಾಕ್ಷಿ ಅಲ್ಲ, ಒಂದೇ. ಮೇಕೆಯನ್ನು ನಾಯಿ ಎಂದು ನಂಬಿಸಿದ ಮೂವರು ಕಳ್ಳರ ಕಥೆ ನಮಗೆಲ್ಲ ಗೊತ್ತುಂಟು. ಅಲ್ಲಿ ಮೂರು ಸಾಕ್ಷಿ ಇದ್ದ ಹಾಗೆ ಕಂಡದ್ದು ನಿಜಕ್ಕೂ ಒಂದು ಸಂಚು.

1907ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ ಪ್ರಕಟಿಸಿದ ಲೆಕ್ಕ ಸ್ವತಂತ್ರ ಊಹೆಗಳದ್ದು. ಪ್ಲಿಮತ್‌ನ ಜಾತ್ರೆಯಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸಿ ಚೀಟಿ ಬರೆಯುವ ಸ್ಪರ್ಧೆ, 787 ಚೀಟಿ. ಊಹೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವಿನದು 1207 ಪೌಂಡ್, ನಿಜ ತೂಕ 1198. ಇದಕ್ಕೆ ಎದುರಾಗಿ 1950ರ ದಶಕದಲ್ಲಿ ಮನೋವಿಜ್ಞಾನಿ ಆಶ್ ಮಾಡಿದ ಪ್ರಯೋಗ. ಗೆರೆಗಳ ಉದ್ದ ಹೋಲಿಸುವ ಸುಲಭ ಕೆಲಸ. ಮೊದಲೇ ಹೇಳಿಕೊಟ್ಟಿದ್ದ ಗುಂಪು 18 ಸರದಿಗಳಲ್ಲಿ 12ರಲ್ಲಿ ಬೇಕೆಂದೇ ತಪ್ಪು ಹೇಳುತ್ತಿತ್ತು. ಆ ಸರದಿಗಳಲ್ಲಿ ನಿಜವಾದ ಅಭ್ಯರ್ಥಿಗಳ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗುಂಪಿನ ತಪ್ಪನ್ನೇ ಹಿಡಿದವು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೂ ಈ ಪ್ರಮಾಣ ತೀರ ಕುಸಿಯಿತು. ಅಷ್ಟೆಲ್ಲ ಆದರೂ ಹಾಳೆಯ ಮೇಲಿನ ಗೆರೆ ಒಂದು ಕೂದಲಿನಷ್ಟೂ ಉದ್ದವಾಗಲಿಲ್ಲ.

ಪೂರ್ವಪಕ್ಷಿ, ಉಡುಪಿ

ಅವೆಲ್ಲ ಸಾಮಾನ್ಯ ಜನ. ತಜ್ಞರ ಒಮ್ಮತವನ್ನು ಅಳೆಯುವ ಕೋಲು ಬೇರೆ ಎಲ್ಲುಂಟು? ಅವರು ಒಪ್ಪಿದ್ದೇ ಆ ಕಾಲದ ಸತ್ಯ ಅಂತ ಹೇಳುವುದರಲ್ಲಿ ತಪ್ಪೇನು?

ಎಣಿಕೆ, ಸುರತ್ಕಲ್

ತಪ್ಪು ಏನೆಂದರೆ, ಹಾಗೆ ಹೇಳಿದರೆ "ತಜ್ಞರು ಆಗ ತಪ್ಪಿದ್ದರು" ಎಂಬ ವಾಕ್ಯವನ್ನೇ ಆಡಲಿಕ್ಕಾಗುವುದಿಲ್ಲ. ಹೊಟ್ಟೆಹುಣ್ಣಿಗೆ ಆಮ್ಲ, ಮನಸ್ಸಿನ ಒತ್ತಡ ಕಾರಣ ಎಂದು ದಶಕಗಟ್ಟಲೆ ವೈದ್ಯರು ಒಪ್ಪಿದ್ದರು. ಹೆಚ್ಚಿನ ಹುಣ್ಣುಗಳ ಹಿಂದೆ ಹೆಲಿಕೊಬ್ಯಾಕ್ಟರ್ ಪೈಲೋರಿ ಇದೆ ಎಂದು ವಾರೆನ್ ಮತ್ತು ಮಾರ್ಷಲ್ 1980ರ ದಶಕದಲ್ಲಿ ತೋರಿಸಿದರು, 2005ರಲ್ಲಿ ನೊಬೆಲ್ ಬಂತು. ಒಪ್ಪಿಗೆಯೇ ಸತ್ಯವಾದರೆ, ಅವರು ಒಪ್ಪಿಸುವ ತನಕ ಆ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಇರಲಿಲ್ಲ ಎನ್ನಬೇಕು. ಯಾವ ರೋಗಿಯ ಹೊಟ್ಟೆಯೂ ಅದನ್ನು ಒಪ್ಪುವುದಿಲ್ಲ.

ತಜ್ಞರ ಒಮ್ಮತವನ್ನು ಅಳೆಯುವ ಕೋಲೂ ಉಂಟು. 1903ರಲ್ಲಿ ಫ್ರಾನ್ಸಿನ ನ್ಯಾನ್ಸಿಯಲ್ಲಿ ಬ್ಲೋಂಡ್ಲೊ ಎಂಬ ಗೌರವಾನ್ವಿತ ಭೌತವಿಜ್ಞಾನಿ ಎನ್-ಕಿರಣ ಎಂಬ ಹೊಸ ಬಗೆಯ ಕಿರಣ ಕಂಡೆ ಎಂದರು. ಎಷ್ಟೋ ವಿಜ್ಞಾನಿಗಳು ತಮಗೂ ಕಂಡಿತೆಂದು ಬರೆದರು. 1904ರಲ್ಲಿ ಅಮೆರಿಕದ ವುಡ್ ಆ ಪ್ರಯೋಗಾಲಯಕ್ಕೆ ಹೋಗಿ, ಕತ್ತಲಲ್ಲಿ ಉಪಕರಣದಿಂದ ಆ ಕಿರಣಗಳನ್ನು ಬಿಡಿಸುವ ಅಲ್ಯೂಮಿನಿಯಂ ಪಟ್ಟಕವನ್ನು ಸದ್ದಿಲ್ಲದೆ ತೆಗೆದುಬಿಟ್ಟರು. ಪಟ್ಟಕ ಇಲ್ಲದಿದ್ದರೂ ಅಳತೆಗಳು ಮೊದಲಿನ ಹಾಗೆಯೇ ಬರುತ್ತಿದ್ದವು. ಅಷ್ಟಕ್ಕೇ ಕಥೆ ಮುಗಿಯಿತು. ಒಮ್ಮತವನ್ನು ನಂಬಬೇಕೋ ಬೇಡವೋ ಎಂದು ನೋಡುವಾಗ ಕೇಳಬೇಕಾದ್ದು ಎಷ್ಟು ಜನ ಒಪ್ಪಿದ್ದಾರೆ ಎಂದಲ್ಲ. ವಸ್ತುವನ್ನು ತೆಗೆದುಬಿಟ್ಟರೆ ಅವರ ಉತ್ತರ ಬದಲಾಗ್ತದಾ?

ತಿಥಿವಾರ, ಕಾರ್ಕಳ

ಏಕಾದಶಿಯ ಗೊಂದಲಕ್ಕೂ ಇದೇ ವಿಂಗಡಣೆ ಉಪಯೋಗಕ್ಕೆ ಬರ್ತದೆ. ಸೂರ್ಯ-ಚಂದ್ರರ ನಡುವಿನ ಅಂತರ 12 ಡಿಗ್ರಿ ಹೆಚ್ಚಿದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ. ಹನ್ನೊಂದನೆಯದು ಶುರುವಾಗುವ ಗಳಿಗೆ ಆಕಾಶದ ಸಂಗತಿ. ಎರಡು ಪಂಚಾಂಗಗಳು ಬೇರೆ ಬೇರೆ ಗಳಿಗೆ ಕೊಟ್ಟರೆ ಎರಡೂ ಸರಿಯಾಗಲು ಸಾಧ್ಯವಿಲ್ಲ; ಹಳೆಯ ಗಣಿತಾಂಶಗಳನ್ನು ತಿದ್ದದೆ ಬಳಸಿದ್ದರಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಬರುವುದುಂಟು. ಉಪವಾಸ ಯಾವ ದಿನ ಎಂಬುದು ಬೇರೆ ಪ್ರಶ್ನೆ. ಸೂರ್ಯೋದಯಕ್ಕೆ 4 ಗಳಿಗೆ, ಅಂದರೆ 96 ನಿಮಿಷ ಮೊದಲಿನ ಅರುಣೋದಯಕ್ಕೆ ದಶಮಿ ಇನ್ನೂ ಉಳಿದಿದ್ದರೆ ವೈಷ್ಣವರು ಆ ದಿನ ಬಿಟ್ಟು ಮರುದಿನ ಮಾಡುತ್ತಾರೆ. ಸ್ಮಾರ್ತರು ಸೂರ್ಯೋದಯವನ್ನು ನೋಡುತ್ತಾರೆ. ಇದು ಸಂಪ್ರದಾಯದ ನಿಯಮ, ಇಲ್ಲಿ ಇಬ್ಬರೂ ತಮ್ಮ ತಮ್ಮ ನಿಯಮಕ್ಕೆ ಸರಿ. ಮೊದಲ ಪ್ರಶ್ನೆಯ ಜಗಳವನ್ನು ಎರಡನೆಯದಕ್ಕೆ, ಎರಡನೆಯದ್ದನ್ನು ಮೊದಲಿನದಕ್ಕೆ ಹಚ್ಚುವುದರಿಂದಲೇ ಅರ್ಧ ಮನಸ್ತಾಪ.

ಶಾಂಭವಿ ತೀರ, ಮೂಲ್ಕಿ

ಕಂಬಳದ್ದೂ ಸೇರಿಸುವ. 2020ರಲ್ಲಿ ಐಕಳ ಕಂಬಳದ ಓಟ 142.5 ಮೀಟರಿಗೆ 13.62 ಸೆಕೆಂಡ್. ಅದನ್ನು ಭಾಗಿಸಿ 100 ಮೀಟರಿಗೆ 9.55 ಎಂದು ದೇಶಕ್ಕೆ ದೇಶವೇ ಒಪ್ಪಿತು, ಬೋಲ್ಟ್‌ನ 9.58ಕ್ಕೆ ಹೋಲಿಸಿತು. ಓಟಗಾರರ ಸಾಮರ್ಥ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೋಲಿಕೆ ನಿಲ್ಲುವುದಿಲ್ಲ. ನಿಂತಲ್ಲಿಂದ ವೇಗ ಹಿಡಿಯಲು ಹೋಗುವ ಹೊತ್ತು 142.5 ಮೀಟರಿಗೆ ಹಂಚಿಹೋದಾಗ ಪ್ರತಿ ಮೀಟರಿನ ಪಾಲು ಕಡಿಮೆಯಾಗುತ್ತದೆ. ಕೋಣಗಳು ಮುಂದಕ್ಕೆ ಎಳೆಯುತ್ತಿರುತ್ತವೆ. ಕೆಸರುಗದ್ದೆಗೂ ಓಟದ ಟ್ರ್ಯಾಕಿಗೂ ಹೋಲಿಕೆಯಿಲ್ಲ. ಕಂಬಳದ ಓಟವನ್ನು ಕಂಬಳದ ಓಟಗಳ ಜೊತೆ ಇಟ್ಟು ನೋಡಿದರೆ ಅದರ ದೊಡ್ಡತನ ಸರಿಯಾಗಿ ಕಾಣುತ್ತದೆ.

ಪೂರ್ವಪಕ್ಷಿ, ಉಡುಪಿ

ಒಪ್ಪಿಗೆಯಿಂದ ನೆರಳು ಅಲುಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಒಂದನ್ನು ಮಾತ್ರ ಬಿಡುವುದಿಲ್ಲ. ಯಾವುದನ್ನು ಅಳೆಯಬೇಕು, ಯಾವ ಪದದಿಂದ ಕರೆಯಬೇಕು, ಎಷ್ಟು ನಿಖರತೆ ಸಾಕು ಎಂಬುದು ನಮ್ಮ ಆಯ್ಕೆ. ಸೆಂ.ಮೀ. ಎಂಬುದೂ ಒಪ್ಪಿಗೆಯೇ. ಮತ್ತೆ ಡಿಸೆಂಬರಿನಲ್ಲಿ ಇಲ್ಲಿ ಅಳೆಯುವವರೆಲ್ಲ 74.8 ಎಂದು ಓದಿಕೊಂಡೇ ಅಳೆಯುತ್ತಾರೆ. ಆಶ್ ಹೇಳಿದ್ದು ಇಲ್ಲಿಗೂ ತಗಲುವುದಿಲ್ಲವೇ?

ಶಂಕುಛಾಯೆ, ಮಣಿಪಾಲ

ಮೊದಲಿನದು ಸರಿ, ಅದಕ್ಕೆ ಯಾರ ವಿರೋಧವೂ ಇಲ್ಲ. ಎರಡನೆಯದು ತುಂಬ ಮುಖ್ಯ, ಸಂಖ್ಯೆಯನ್ನು ಮೊದಲೇ ಬರೆದದ್ದು ನನ್ನಿಂದಾದ ತಪ್ಪು. ತಿದ್ದುವ ದಾರಿ ಹೀಗೆ. 100 ಸೆಂ.ಮೀ. ಕೋಲು ಬೇಡ. ಪ್ರತಿಯೊಬ್ಬರೂ ಮನಸ್ಸಿಗೆ ಬಂದ ಉದ್ದದ ಕೋಲು ಕತ್ತರಿಸಿಕೊಳ್ಳಿ. ಕೋಲಿನ ಉದ್ದವನ್ನು ಮೊದಲೇ ಅಳೆಯಬೇಡಿ, ನೆರಳು ಅಳೆದ ಮೇಲೆಯೇ ಇನ್ನೊಬ್ಬರಿಂದ ಅಳೆಯಿಸಿ. ಆಗ ನೆರಳು ಎಷ್ಟು ಬರಬೇಕೆಂದು ಅಳೆಯುವವನ ಕಣ್ಣಿಗೆ ಗೊತ್ತಿರುವುದಿಲ್ಲ. ಬೆಳಕಿನ ನಡುಬಿಂದುವಿನ ಗುರುತುಗಳನ್ನು ಪೆನ್ಸಿಲ್‌ನಲ್ಲಿ ಹಾಕಿ, ಅಳಿಸಬೇಡಿ, ಹಲಗೆಯ ಚಿತ್ರ ತೆಗೆದಿಡಿ. ಮಂಗಳೂರು, ಉಡುಪಿ, ಕಾರವಾರದವರು ಕೋಲು, ನೆರಳು ಎರಡೂ ಸಂಖ್ಯೆಗಳನ್ನು ಬರೆದು ಲಕೋಟೆಗೆ ಹಾಕಿ ಅಂಟಿಸಿ. ಎಲ್ಲರದ್ದೂ ಮುಗಿದ ಮೇಲೆ, ಡಿಸೆಂಬರ್ 23ರ ಸಂಜೆ, ಒಟ್ಟಿಗೆ ತೆರೆದು ನೆರಳನ್ನು ಕೋಲಿನ ಉದ್ದದಿಂದ ಭಾಗಿಸುವ.